ಬೃಹತ್ ಶಿಲೆಯೊಳಗಿನ ಕಬ್ಬಿಣ

ಚಳ್ಳಕೆರೆ ಕಡೆಯ ವಿದ್ಯಾರ್ಥಿಯೊಬ್ಬ ಪ್ರಬಂಧದಲ್ಲಿ, ‘ಬೃಹತ್ ಶಿಲಾಯುಗದ ಜನರಿಗೆ ಕಬ್ಬಿಣ ತಿಳಿದಿರಲಿಲ್ಲ’ ಎಂದು ಬರೆದಿದ್ದ. ಕೆಂಪು ಗೆರೆ ಎಳೆದು ಎರಡು ಅಂಕ ಕಳೆದೆ. ಹುಡುಗ ಬಂದು, “ಶಿಲಾಯುಗ ಎಂದಮೇಲೆ ಕಬ್ಬಿಣ ಎಲ್ಲಿಂದ ಬರಬೇಕು, ಸಾರ್?” ಎಂದ. ಕನ್ನಡ ಮೇಷ್ಟರಿಗೆ ಉತ್ತರ ತೋಚಲಿಲ್ಲ.

ಆ ಶಬ್ದದ ಜಾತಕವನ್ನು ಕೊಂಚ ನೋಡಬೇಕು. ‘ಮೆಗಾಲಿಥ್’ ಎಂಬುದು ದೊಡ್ಡದು, ಕಲ್ಲು ಎಂಬರ್ಥದ ಎರಡು ಗ್ರೀಕ್ ಮಾತುಗಳನ್ನು ಬೆಸೆದು 19ನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಮಾಡಿಕೊಂಡದ್ದು. ಆಗ ಅದು ಸ್ಟೋನ್‌ಹೆಂಜಿನಂಥ ಕಲ್ಲಿನ ನಿರ್ಮಾಣಕ್ಕೆ ಇಟ್ಟ ಹೆಸರು, ಅಷ್ಟೆ.

ನಮ್ಮಲ್ಲಿ ಅದಕ್ಕೆ ಒಂದು ಕಾಲದ, ಒಂದು ಜನಜೀವನದ ಅರ್ಥ ಗಟ್ಟಿಯಾಗಿ ಅಂಟಿಕೊಂಡದ್ದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ. 1892ರಲ್ಲಿ ಬಿ. ಎಲ್. ರೈಸರು ಅಶೋಕನ ಶಾಸನ ಕಂಡುಹಿಡಿದ ಸ್ಥಳವೇ ಅದು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಮೂರು ಸಂಸ್ಕೃತಿಗಳು ಕಾಣಿಸಿದವು: ಕೆಳಗೆ ಕಲ್ಲುಗೊಡಲಿಯವರು, ನಡುವೆ ಗೋರಿ ಕಟ್ಟಿದವರು, ಮೇಲೆ ಸಾತವಾಹನರ ಕಾಲದವರು. ಆ ಗೋರಿಗಳನ್ನು ನೋಡಬೇಕು. ನಾಲ್ಕು ಕಣಶಿಲೆಯ ಚಪ್ಪಡಿಗಳು ಸ್ವಸ್ತಿಕದಂತೆ ಒಂದಕ್ಕೊಂದು ಆತುಕೊಂಡಿವೆ. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಸುತ್ತ ಗುಂಡುಕಲ್ಲುಗಳ ಬಳೆ. ಒಳಗೆ ಸಿಕ್ಕಿದ್ದು ಎಲುಬು, ಕಪ್ಪು-ಕೆಂಪು ಮಡಕೆ, ಜೊತೆಗೆ ಕಬ್ಬಿಣದ ಆಯುಧ! ವೀಲರ್ ಈ ನಡುವಣ ಪದರಕ್ಕೆ ‘ಮೆಗಾಲಿಥಿಕ್ ಸಂಸ್ಕೃತಿ’ ಎಂದರು. ಸತ್ತವರ ಮನೆಯ ಹೆಸರು ಬದುಕಿದ್ದವರ ಮನೆಗೂ ಬಂತು.

ಹೆಸರು ಮುಂದೆ ಇನ್ನೂ ಹಿಗ್ಗಿತು. ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲಿ ಹೆಣವನ್ನು ಗುಡಾಣದಲ್ಲಿಟ್ಟು ಹೂಳುತ್ತಿದ್ದರು. ದೊಡ್ಡ ಕಲ್ಲಿನ ಸುಳಿವಿಲ್ಲ. ಆದರೂ ಮಡಕೆ, ಕಬ್ಬಿಣಗಳ ಹೋಲಿಕೆಯಿಂದ ಅದನ್ನೂ ವಿದ್ವಾಂಸರು ಈ ಪಂಕ್ತಿಗೇ ಸೇರಿಸಿದರು. ಕನ್ನಡಕ್ಕೆ ಬಂದಾಗ ನಾವು ‘ಯುಗ’ವನ್ನೂ ಜೋಡಿಸಿದೆವು. ಹಳೆಯ ಶಿಲಾಯುಗ, ನವ ಶಿಲಾಯುಗ, ಬೃಹತ್ ಶಿಲಾಯುಗ ಎಂದು ಸಾಲಾಗಿ ಹೇಳಿದರೆ ಯಾವ ಹುಡುಗ ತಾನೆ ಕಬ್ಬಿಣವನ್ನು ನೆನೆಯುತ್ತಾನೆ?

ಇಂಥ ಗೋರಿಗಳಿಗೆ ನಮ್ಮ ನಾಡಿನ ಹಲವೆಡೆ ಜನರಿಟ್ಟ ಹೆಸರು ‘ಮೋರ್ಯರ ಮನೆ’. ಹಿರೇಬೆಣಕಲ್ಲಿನ ಕಡೆ ಮೋರ್ಯರೆಂದರೆ ಕುಳ್ಳ ಜನ. ಅಶೋಕನ ಶಾಸನದ ಪಕ್ಕದಲ್ಲೇ ಗೋರಿಗಳಿರುವಾಗ ಮೌರ್ಯರನ್ನು ನೆನೆಯುವ ಆಸೆ ಯಾರಿಗಾದರೂ ಆದೀತು. ಬ್ರಹ್ಮಗಿರಿಯ ಈ ಸಂಸ್ಕೃತಿಯ ಆರಂಭವನ್ನು ವೀಲರ್ ಕ್ರಿ.ಪೂ. 200ರ ಸುಮಾರಿಗೆ ಇಟ್ಟಿದ್ದರಿಂದ ಆ ಊಹೆಗೆ ಇಂಬೂ ಇತ್ತು. ಆಮೇಲೆ ಹಳ್ಳೂರಿನ ಇಂಗಾಲ ಪರೀಕ್ಷೆ ಕರ್ನಾಟಕದ ಕಬ್ಬಿಣವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಮೋರ್ಯರ ಮನೆಗಳು ಮೌರ್ಯರಿಗಿಂತ ಶತಮಾನಗಳಷ್ಟು ಹಿರಿಯವಾದವು.

ಹುಡುಗನನ್ನು ಕರೆದು ಎರಡು ಅಂಕ ಹಿಂದಿರುಗಿಸಿದೆ. “ಇನ್ನು ಮೇಲೆ ‘ಕಬ್ಬಿಣಯುಗದ ಕಲ್ಗೋರಿಗಳು’ ಎಂದು ಬರೆ” ಎಂದೆ. ಅವನು ತಲೆ ಕೆರೆದುಕೊಂಡ. “ಪಬ್ಲಿಕ್ ಪರೀಕ್ಷೆಯಲ್ಲೂ ಹಾಗೇ ಬರೆಯಲೇ, ಸಾರ್?”