ಸಂಯುಕ್ತ ಗ್ರಂಥಸೂಚಿಯ ಸಮಸ್ಯೆ: ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪ್ರಯತ್ನಗಳ ಸಮೀಕ್ಷೆ

ಪ್ರಾಚೀನ ಗ್ರಂಥಗಳ ಅನ್ವೇಷಣೆಯಲ್ಲಿ ತೊಡಗಿರುವವರಿಗೆ ಸೂಚೀಪತ್ರದ ಮಹತ್ತ್ವವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಒಂದೊಂದು ಮಠಕ್ಕೂ ಬಸದಿಗೂ ಭಂಡಾರಕ್ಕೂ ಪ್ರತ್ಯೇಕ ಸೂಚಿಯಿದ್ದು, ಒಂದು ಕೃತಿಯ ಪ್ರತಿಗಳು ಎಲ್ಲೆಲ್ಲಿವೆಯೆಂದು ತಿಳಿಯಲು ಹತ್ತಾರು ಸೂಚಿಗಳನ್ನು ತಿರುವಬೇಕಾದ ಶ್ರಮ ಸಂಶೋಧಕರೆಲ್ಲರಿಗೂ ಪರಿಚಿತವಾದುದೇ. ಈ ಶ್ರಮವನ್ನು ತಗ್ಗಿಸಲೆಂದೇ ಥಿಯೊಡೋರ್ ಔಫ್ರೆಕ್ಟ್ ಎಂಬ ಜರ್ಮನ್ ವಿದ್ವಾಂಸರು ಸಂಸ್ಕೃತ ಹಸ್ತಪ್ರತಿ ಸೂಚಿಗಳನ್ನು ಒಟ್ಟುಗೂಡಿಸಿ ‘ಕ್ಯಾಟಲಾಗಸ್ ಕ್ಯಾಟಲಾಗೋರಮ್’ ಎಂಬ ಮಹಾಸೂಚಿಯನ್ನು ೧೮೯೧, ೧೮೯೬ ಮತ್ತು ೧೯೦೩ರಲ್ಲಿ ಮೂರು ಭಾಗಗಳಾಗಿ ಹೊರತಂದರು. ಜೈನ ವಾಙ್ಮಯಕ್ಕೆ ಅಂತಹುದೇ ಉಪಕಾರವನ್ನು ೧೯೪೪ರಲ್ಲಿ ಪ್ರಕಟವಾದ ಎಚ್. ಡಿ. ವೇಲಣಕರರ ‘ಜಿನರತ್ನಕೋಶ’ ಮಾಡಿತು. ಮೂಡಬಿದಿರೆ ಮೊದಲಾದೆಡೆಗಳ ತಾಳೆಗರಿಗಳನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ೧೯೪೮ರ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯಲ್ಲಿ ಒಂದೆಡೆಗೆ ತಂದರು.

ಚೆದರಿಹೋದ ಸೂಚಿಗಳನ್ನು ಒಂದುಗೂಡಿಸುವ ಇದೇ ಕಾರ್ಯವನ್ನು ಮುದ್ರಿತ ಗ್ರಂಥಗಳ ವಿಷಯದಲ್ಲಿ, ಗಣಕಯಂತ್ರದ ನೆರವಿನಿಂದ, ಸುಮಾರು ಅರ್ಧ ಶತಮಾನ ಕಾಲ ನಡೆಸಿದ ಸಂಸ್ಥೆ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ. ನಮ್ಮ ಹಸ್ತಪ್ರತಿಗಳ ಛಾಯಾಪ್ರತಿಗಳೂ ಸೂಚಿಗಳೂ ಈಗ ಗಣಕಯಂತ್ರವನ್ನು ಸೇರುತ್ತಿರುವ ಕಾರಣ ಆ ಪ್ರಯತ್ನದ ಇತಿಹಾಸ ನಮಗೂ ಪ್ರಯೋಜನಕಾರಿಯಾಗಿದೆ. ಅದನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧೮೬೮ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾನಿಲಯಕ್ಕೆ ಇಂದು ಹತ್ತು ಕ್ಯಾಂಪಸ್‌ಗಳಿವೆ. ಅವು ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಫ್ರಾನ್ಸಿಸ್ಕೊ, ಡೇವಿಸ್, ರಿವರ್‌ಸೈಡ್, ಸ್ಯಾಂಟ ಬಾರ್ಬರ, ಸ್ಯಾನ್ ಡಿಯಾಗೊ, ಅರ್ವೈನ್, ಸ್ಯಾಂಟ ಕ್ರೂಜ್ ಹಾಗೂ ೨೦೦೫ರಲ್ಲಿ ಆರಂಭವಾದ ಮರ್ಸೆಡ್. ಒಂದೊಂದು ಕ್ಯಾಂಪಸ್ಸಿನ ಗ್ರಂಥಾಲಯವೂ ತನ್ನದೇ ಸೂಚಿಯನ್ನು, ತನ್ನದೇ ರೂಢಿಯಂತೆ ಬೆಳೆಸಿಕೊಂಡು ಬಂದಿತ್ತು. ಇವನ್ನು ಕೂಡಿಸುವ ಯತ್ನಗಳಲ್ಲಿ ಮುಖ್ಯವಾದ ಮೊದಲನೆಯದು ಮುದ್ರಿತ ರೂಪದ್ದು. ೧೯೬೩ರಿಂದ ೧೯೬೭ರವರೆಗೆ ಅಂದಿನ ಒಂಬತ್ತು ಕ್ಯಾಂಪಸ್‌ಗಳು ಸೂಚೀಕರಿಸಿದ ಪುಸ್ತಕಗಳ ಸಂಯುಕ್ತ ಸೂಚಿಯೊಂದು ೧೯೭೨ರಲ್ಲಿ ಹೊರಬಂದಿತು. ಆದರೆ ಅಚ್ಚಾದ ಸೂಚಿ ಅಚ್ಚಾದ ದಿನವೇ ಹಳೆಯದಾಗುತ್ತದೆ. ಹೊಸ ಗ್ರಂಥಗಳು ಅದರ ಹೊರಗೇ ಉಳಿಯುತ್ತವೆ.

ಮುಂದಿನ ಘಟ್ಟಕ್ಕೆ ಕಾರಣವಾದುದು ೧೯೭೭ರಲ್ಲಿ ಸ್ಟೀಫನ್ ಸಾಮನ್ ಅವರ ನೇತೃತ್ವದಲ್ಲಿ ಸಿದ್ಧವಾದ, ೧೯೭೮–೮೮ರ ದಶಕಕ್ಕೆ ಅನ್ವಯಿಸುವ ಅಭಿವೃದ್ಧಿ ಯೋಜನೆ. ಎಲ್ಲ ಕ್ಯಾಂಪಸ್‌ಗಳ ಸಂಗ್ರಹಗಳನ್ನೂ ಒಂದೇ ಸಂಗ್ರಹವೆಂದು ಭಾವಿಸಬೇಕೆಂಬುದು ಅದರ ಮೂಲತತ್ತ್ವ. ಗಣಕೀಕೃತ ಸಂಯುಕ್ತ ಸೂಚಿಯೊಂದನ್ನೂ, ವಿರಳವಾಗಿ ಬಳಕೆಯಾಗುವ ಗ್ರಂಥಗಳನ್ನು ಇರಿಸಲು ಉತ್ತರ ಮತ್ತು ದಕ್ಷಿಣ ಭಾಗಗಳಲ್ಲಿ ಒಂದೊಂದು ಭಂಡಾರವನ್ನೂ ಅದು ಸೂಚಿಸಿತು. ಇವೆರಡೂ ಪರಸ್ಪರ ಪೂರಕವಾದ ಸಲಹೆಗಳು. ಗ್ರಂಥ ದೂರದ ಭಂಡಾರಕ್ಕೆ ಹೋದ ಮೇಲೆ ಓದುಗನು ಕಪಾಟಿನ ಮುಂದೆ ನಿಂತು ಅದನ್ನು ಕಾಣಲಾರ. ಸೂಚಿಯೊಂದೇ ಅವನಿಗೆ ಕಣ್ಣಾಗಬೇಕು.

ಈ ಯೋಜನೆಯ ಫಲವಾಗಿ ೧೯೮೧ರಲ್ಲಿ ‘ಮೆಲ್ವಿಲ್’ ಎಂಬ ಗಣಕೀಕೃತ ಸೂಚಿಯ ಪ್ರಾಯೋಗಿಕ ರೂಪ ಓದುಗರಿಗೆ ತೆರೆಯಿತು. ದಶಮಾಂಶ ವರ್ಗೀಕರಣದ ಪ್ರವರ್ತಕನಾದ ಮೆಲ್ವಿಲ್ ಡ್ಯೂಯಿಯನ್ನು ಈ ಹೆಸರು ನೆನಪಿಸುತ್ತದೆ. ಒಂದೇ ಪುಸ್ತಕವನ್ನು ಹಲವು ಕ್ಯಾಂಪಸ್‌ಗಳು ಹಲವು ರೀತಿಯಲ್ಲಿ ದಾಖಲಿಸಿದ್ದರೆ ಅವೆಲ್ಲ ಒಂದೇ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಇದೇ ಇಲ್ಲಿನ ಮುಖ್ಯ ತೊಡಕು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ಕ್ರಮಸಂಖ್ಯೆ, ಅಂತಾರಾಷ್ಟ್ರೀಯ ಪುಸ್ತಕ ಸಂಖ್ಯೆ, ಗ್ರಂಥದ ಹೆಸರು, ಪ್ರಕಟಣೆಯ ವರ್ಷ, ಪುಟಸಂಖ್ಯೆ, ಪ್ರಕಾಶಕರು ಮುಂತಾದ ಅಂಶಗಳನ್ನು ಹೋಲಿಸಿ, ಪ್ರತಿಯೊಂದು ಹೋಲಿಕೆಗೂ ಒಂದು ತೂಕವನ್ನು ಕೊಟ್ಟು, ಒಟ್ಟು ತೂಕ ನಿಗದಿಯಾದ ಮಿತಿಯನ್ನು ದಾಟಿದರೆ ಮಾತ್ರ ನಮೂದುಗಳನ್ನು ಕೂಡಿಸುವ ನಿಯಮಾವಳಿಯನ್ನು ಅಲ್ಲಿಯ ತಜ್ಞರು ರೂಪಿಸಿದರು. ಕೂಡಿಸುವಾಗ ಒಂದು ನಮೂದನ್ನು ಆಧಾರವಾಗಿಟ್ಟುಕೊಂಡು, ಉಳಿದವುಗಳಲ್ಲಿದ್ದ ವಿಷಯಶೀರ್ಷಿಕೆಯೇ ಮೊದಲಾದ ವಿಶೇಷಾಂಶಗಳನ್ನೂ ಉಳಿಸಿಕೊಂಡರು.

ಗ್ರಂಥಸಂಪಾದನೆಯಲ್ಲಿ ಪರಿಶ್ರಮವಿರುವವರು ಈ ಪದ್ಧತಿಯನ್ನು ಸುಲಭವಾಗಿ ಗುರುತಿಸಬಲ್ಲರು. ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು, ಒಂದನ್ನು ಆಧಾರಪ್ರತಿಯಾಗಿ ಸ್ವೀಕರಿಸಿ, ಉಳಿದವುಗಳ ಪಾಠಾಂತರಗಳನ್ನು ಕೈಬಿಡದೆ ಕೊಡುವುದು ಸಂಪಾದಕನ ಧರ್ಮ. ಮೆಲ್ವಿಲ್ ಸೂಚಿ ಮಾಡಿದುದೂ ಇಂತಹುದೇ ಕೆಲಸ.

ಆದರೂ ಅದರಲ್ಲಿ ಒಂದು ಕೊರತೆಯಿತ್ತು. ಸಂಯುಕ್ತ ಸೂಚಿಯೊಂದಿಗೆ ಕ್ಯಾಂಪಸ್‌ಗಳ ಸ್ವಂತ ಸೂಚಿಗಳೂ ಮುಂದುವರಿದುವು. ಒಂದೇ ಕೆಲಸ ಹಲವೆಡೆ ನಡೆಯುತ್ತಿತ್ತು. ೨೦೦೫ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾನಿಲಯದ ಕಾರ್ಯಸಮಿತಿಯೊಂದು ತನ್ನ ವರದಿಯಲ್ಲಿ ಈ ಪುನರುಕ್ತಿಯನ್ನೂ, ಓದುಗರು ಹಲವು ಕಡೆ ಹುಡುಕಬೇಕಾದ ಕಷ್ಟವನ್ನೂ ಎತ್ತಿ ತೋರಿಸಿತು. ಆ ಬಳಿಕ ೨೦೦೮ರಲ್ಲಿ, ಒಹಾಯೊ ರಾಜ್ಯದಲ್ಲಿ ಹುಟ್ಟಿ ಬೆಳೆದ ‘ವರ್ಲ್ಡ್‌ಕ್ಯಾಟ್’ ಎಂಬ ವಿಶ್ವಸೂಚಿಯ ಆಧಾರದ ಮೇಲೆ ಹೊಸ ಮೆಲ್ವಿಲ್ ಸೂಚಿಯ ಪ್ರಯೋಗ ಪ್ರಾರಂಭವಾಯಿತು. ಇಲ್ಲಿಯ ಕ್ರಮ ಭಿನ್ನವಾದುದು. ಒಂದು ಮುದ್ರಣಕ್ಕೆ ಲೋಕಕ್ಕೆಲ್ಲ ಒಂದೇ ನಮೂದು. ಗ್ರಂಥಾಲಯಗಳು ಅದರ ಕೆಳಗೆ ತಮ್ಮಲ್ಲಿ ಪ್ರತಿಯಿದೆಯೆಂದು ಗುರುತು ಹಾಕುವುದಷ್ಟೆ. ಹುಡುಕಾಟದ ವ್ಯಾಪ್ತಿ ಹಿಗ್ಗಿತು. ಸ್ಥಳೀಯ ಟಿಪ್ಪಣಿಗಳು ಮಾತ್ರ ಸ್ಥಳೀಯ ಸೂಚಿಯಲ್ಲೇ ಉಳಿದುವು.

ಅಂತಿಮವಾಗಿ ೨೦೨೧ರ ಜುಲೈ ೨೭ರಂದು ಹತ್ತೂ ಕ್ಯಾಂಪಸ್‌ಗಳು ಏಕಕಾಲಕ್ಕೆ ಒಂದೇ ವ್ಯವಸ್ಥೆಗೆ ಬಂದುವು. ಗ್ರಂಥಗಳನ್ನು ಕೊಳ್ಳುವುದು, ಸೂಚೀಕರಿಸುವುದು, ಎರವಲು ಕೊಡುವುದು, ಹುಡುಕುವುದು ಎಲ್ಲಕ್ಕೂ ‘ಆಲ್ಮ’ ಮತ್ತು ‘ಪ್ರೈಮೊ’ ಎಂಬ ತಂತ್ರಾಂಶಗಳು ಆಧಾರವಾದುವು. ಇದೇ ರಾಜ್ಯದ ಇನ್ನೊಂದು ಸಂಸ್ಥೆಯಾದ ಕ್ಯಾಲಿಫೋರ್ನಿಯ ರಾಜ್ಯ ವಿಶ್ವವಿದ್ಯಾನಿಲಯ ತನ್ನ ಅಂದಿನ ೨೩ ಕ್ಯಾಂಪಸ್‌ಗಳಲ್ಲಿ ೨೦೧೭ರಲ್ಲೇ ಈ ಮಾರ್ಗವನ್ನು ಹಿಡಿದಿತ್ತು. ಹೊಸ ವ್ಯವಸ್ಥೆಯಲ್ಲಿ ಎಲ್ಲರಿಗೂ ಸಮಾನವಾದ ನಮೂದೊಂದಿದ್ದು, ಸ್ಥಳೀಯ ವಿಷಯಗಳಿಗೆ ಗೊತ್ತುಪಡಿಸಿದ ಕ್ಷೇತ್ರಗಳು ಬೇರೆಯಾಗಿವೆ. ಆ ಕ್ಷೇತ್ರಗಳಲ್ಲಿ ಇರಿಸಿದ ಟಿಪ್ಪಣಿ ಸುರಕ್ಷಿತ. ಬೇರೆಡೆಯಲ್ಲಿ ಬರೆದಿದ್ದು, ವರ್ಗಾವಣೆಗೆ ಮುನ್ನ ಅಲ್ಲಿಗೆ ಸೇರದ ಟಿಪ್ಪಣಿ ಸಾಮಾನ್ಯ ನಮೂದಿನ ಅಡಿಯಲ್ಲಿ ಅಳಿಸಿಹೋಗುವ ಅಪಾಯವಿದೆ. ಆದುದರಿಂದ ಹಳೆಯ ನಮೂದುಗಳ ಪರಿಶೋಧನೆಯೇ ಇಂತಹ ಏಕೀಕರಣದಲ್ಲಿ ಬಹುದೊಡ್ಡ ಹೊಣೆಯಾಗುತ್ತದೆ.

ಈ ಇತಿಹಾಸದಲ್ಲಿ ಕನ್ನಡಕ್ಕೂ ಒಂದು ಸ್ಥಾನವಿದೆ. ಭಾರತಕ್ಕೆ ಮಾರಿದ ಆಹಾರಧಾನ್ಯದ ಬಾಬ್ತು ರೂಪಾಯಿಗಳಲ್ಲಿ ಸಂಗ್ರಹವಾಗಿದ್ದ ಹಣದಿಂದ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ೧೯೬೨ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ದೇಶದ ಗ್ರಂಥಾಲಯಗಳಿಗೆ ಹಂಚಿತು. ಅವುಗಳಲ್ಲಿ ಬರ್ಕ್ಲಿಯೂ ಒಂದು. ಕನ್ನಡ ಗ್ರಂಥಗಳ ಹೆಸರುಗಳನ್ನು ಅಲ್ಲಿ ಚಿಹ್ನೆಸಹಿತವಾದ ರೋಮನ್ ಲಿಪಿಯಲ್ಲಿ ಬರೆದರು. ಕನ್ನಡದ ಲಿಪ್ಯಂತರಣ ನಿಯಮದಂತೆ ‘ನೇಮಿನಾಥ’ದ ಏಕಾರಕ್ಕೆ ದೀರ್ಘಚಿಹ್ನೆ ಬರುತ್ತದೆ, ಹ್ರಸ್ವ ಎಕಾರವೇ ಇಲ್ಲದ ಸಂಸ್ಕೃತದ ನಿಯಮದಲ್ಲಿ ಅದು ಬರುವುದಿಲ್ಲ. ಯಂತ್ರವು ಚಿಹ್ನೆಗಳನ್ನು ಅಲಕ್ಷಿಸಿದರೆ ಈ ಎರಡು ರೂಪಗಳೂ ಒಂದೆಡೆ ದೊರೆಯುತ್ತವೆ. ಆದರೆ ಆಗ ‘ಕಲೆ’ಯೂ ‘ಕಳೆ’ಯೂ ಒಂದೇ ಆಗುತ್ತವೆ. ‘ಪುರಾಣ’ ಮತ್ತು ‘ಪುರಾಣಂ’ ಎಂಬ ರೂಪಭೇದವಂತೂ ಚಿಹ್ನೆಯನ್ನು ಬಿಟ್ಟ ಮಾತ್ರಕ್ಕೆ ಪರಿಹಾರವಾಗದು. ಯೂನಿಕೋಡ್ ಬಂದ ಮೇಲೆ ಮೂಲಲಿಪಿಯನ್ನೂ ನಮೂದಿಸುವುದು ಸಾಧ್ಯವಾಗಿದೆಯಾದರೂ ಹಳೆಯ ನಮೂದುಗಳಿಗೆ ಅದನ್ನು ಪ್ರತ್ಯೇಕವಾಗಿ ಸೇರಿಸಬೇಕು.

ಗ್ರಂಥಕರ್ತರ ಹೆಸರಿನ ವಿಷಯವೂ ಹೀಗೆಯೇ. ತತ್ತ್ವಾರ್ಥಸೂತ್ರದ ಕರ್ತೃವನ್ನು ದಿಗಂಬರ ಪರಂಪರೆ ಉಮಾಸ್ವಾಮಿಯೆಂದೂ ಗೃಧ್ರಪಿಚ್ಛರೆಂದೂ, ಶ್ವೇತಾಂಬರ ಪರಂಪರೆ ಉಮಾಸ್ವಾತಿಯೆಂದೂ ಕರೆಯುತ್ತದೆ. ಗ್ರಂಥಾಲಯಶಾಸ್ತ್ರವು ಇಂತಹಲ್ಲಿ ಒಂದು ಹೆಸರನ್ನು ಮುಖ್ಯವಾಗಿ ಸ್ವೀಕರಿಸಿ, ಉಳಿದ ಹೆಸರುಗಳಿಂದ ಅದಕ್ಕೆ ದಾರಿ ತೋರಿಸುತ್ತದೆ. ಹುಡುಕುವವನಿಗೆ ಇದು ಅನುಕೂಲವೇ ಸರಿ. ಆದರೆ ಪ್ರತಿಯ ಅಂತ್ಯದಲ್ಲಿ ಲಿಪಿಕಾರನು ಬರೆದ ಹೆಸರನ್ನು ಈ ಮುಖ್ಯನಾಮಕ್ಕಾಗಿ ತಿದ್ದಿದರೆ, ಆ ಪ್ರತಿ ಯಾವ ಪರಂಪರೆಯಲ್ಲಿ ಸಿದ್ಧವಾಯಿತೆಂಬುದಕ್ಕೆ ಇದ್ದ ಸಾಕ್ಷ್ಯವೇ ನಷ್ಟವಾಗುತ್ತದೆ.

ಮುದ್ರಿತ ಗ್ರಂಥಕ್ಕೂ ಹಸ್ತಪ್ರತಿಗೂ ಇರುವ ಮೂಲಭೂತ ಭೇದವನ್ನು ಇಲ್ಲಿ ಮರೆಯಲಾಗದು. ಒಂದೇ ಮುದ್ರಣದ ಹತ್ತು ಪುಸ್ತಕಗಳಿಗೆ ಒಂದು ನಮೂದು ಸಾಕು. ಹತ್ತು ಹಸ್ತಪ್ರತಿಗಳಿಗೆ ಹತ್ತು ನಮೂದುಗಳೇ ಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಶಾಸ್ತ್ರದಾನ ಮಾಡಿದಳೆಂಬುದು ಪ್ರಸಿದ್ಧ. ಅವೆಲ್ಲವೂ ಇಂದು ದೊರೆತಿದ್ದು, ಸಂಯುಕ್ತ ಸೂಚಿಯೊಂದು ಅವುಗಳನ್ನು ಒಂದೇ ಪಂಕ್ತಿಯಲ್ಲಿ ಅಡಗಿಸಿದ್ದರೆ, ಪೊನ್ನನ ಕೃತಿ ಸಿಕ್ಕಿತೆನ್ನಬಹುದು. ಬರೆದವರು, ಬರೆದ ಸ್ಥಳ, ದಾನ ಪಡೆದವರು ಇವಾವುವೂ ತಿಳಿಯುತ್ತಿರಲಿಲ್ಲ.

ಮೇಲಿನ ಸಮೀಕ್ಷೆಯಿಂದ ಸ್ಪಷ್ಟವಾಗುವುದೇನೆಂದರೆ, ಹುಡುಕಾಟ ಒಂದಾಗಬೇಕು, ಸಾಕ್ಷ್ಯಗಳು ಒಂದಾಗಬಾರದು. ನಮ್ಮ ಭಂಡಾರಗಳ ಸೂಚಿಗಳನ್ನು ಕೂಡಿಸಹೊರಡುವವರು ಕೃತಿಗೆ ಒಂದು ನಮೂದು, ಅದರಡಿಯಲ್ಲಿ ಪ್ರತಿಯೊಂದು ಪ್ರತಿಗೂ ಸ್ವತಂತ್ರ ನಮೂದು ಎಂಬ ಕ್ರಮವನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಯುಕ್ತ. ಲಿಪಿಕಾರನ ಬರಹವನ್ನು ಇದ್ದಂತೆಯೇ ಕೊಟ್ಟು, ತಿದ್ದಿದ ಹೆಸರನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಇರಿಸಬೇಕು. ಭಂಡಾರದ ಹಳೆಯ ಸೂಚಿಯಲ್ಲಿರುವ ಕಟ್ಟಿನ ಸಂಖ್ಯೆ, ಅಂಚಿನ ಟಿಪ್ಪಣಿ ಮೊದಲಾದುವಕ್ಕೂ ಸ್ಥಾನವನ್ನು ಗೊತ್ತುಮಾಡಿದ ಬಳಿಕವೇ ಯಂತ್ರವನ್ನು ಆರಿಸಬೇಕು. ಕ್ಯಾಲಿಫೋರ್ನಿಯದಲ್ಲಿ ನಾಲ್ಕು ದಶಕಗಳೊಳಗೆ ಯಂತ್ರಗಳು ಹಲವು ಬಾರಿ ಬದಲಾದುವು. ಪ್ರತಿಯೊಂದು ಸಲವೂ ಮುಂದಕ್ಕೆ ಬಂದುದು ಸೂಚೀಕಾರನು ಎಚ್ಚರದಿಂದ ಬರೆದಿಟ್ಟ ನಮೂದು ಮಾತ್ರ.