ಉಸಿರಿನ ಅಳತೆ: ಕೃತಕ ಶ್ವಾಸೋಚ್ಛ್ವಾಸದ ಇತಿಹಾಸದಲ್ಲೊಂದು ವಿಚಾರ

ಉಸಿರಾಡಲಾರದ ರೋಗಿಗೆ ಯಂತ್ರದಿಂದ ಉಸಿರು ಕೊಡುವುದು ಒಂದು ಕಾರ್ಯ. ಆ ಉಸಿರು ಎಷ್ಟಿರಬೇಕೆಂದು ನಿರ್ಣಯಿಸುವುದು ಮತ್ತೊಂದು. ಈ ಎರಡನೆಯದರ ಇತಿಹಾಸವನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಉಲ್ಬಣಿಸಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ವಾರಗಳಲ್ಲಿ, ಎದೆಯನ್ನು ಹೊರಗಿನಿಂದ ಹಿಗ್ಗಿಸುವ ಯಂತ್ರಗಳಲ್ಲಿರಿಸಿದ 31 ರೋಗಿಗಳ ಪೈಕಿ 27 ಮಂದಿ ಮೃತರಾದರು. ರಕ್ತದಲ್ಲಿ ಬೈಕಾರ್ಬೊನೇಟ್ ಏರಿದ್ದುದನ್ನು ವೈದ್ಯರು ಕ್ಷಾರಾಧಿಕ್ಯವೆಂದೆಣಿಸಿದ್ದರು. ಅರಿವಳಿಕೆಯ ತಜ್ಞರಾದ ಬ್ಯೋರ್ನ್ ಇಬ್ಸೆನ್ನರಾದರೋ, ಉಸಿರು ಸಾಲದೆ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾದುದೇ ಇದಕ್ಕೆ ಕಾರಣವೆಂದು ತರ್ಕಿಸಿದರು. ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆಯನ್ನಿರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತುವ ಕ್ರಮ ಬಂದಿತು. ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಒತ್ತಿದರು. ಮರಣದ ಪ್ರಮಾಣ ಬಹುವಾಗಿ ಇಳಿಯಿತು. ಒತ್ತುವವರ ಕಣ್ಣೆದುರಿಗೆ ರೋಗಿಯಿದ್ದನು. ಅವನನ್ನು ನೋಡಿಯೇ ಉಸಿರನ್ನು ಹೆಚ್ಚುಕಡಮೆ ಮಾಡಬಹುದಾಗಿತ್ತು.

ಮುಂದೆ ಕೈಯ ಕೆಲಸವನ್ನು ಯಂತ್ರಗಳು ವಹಿಸಿಕೊಂಡುವು. ದೊಡ್ಡ ಉಸಿರನ್ನು ಕೊಡುವುದು ವಾಡಿಕೆಯಾಯಿತು. ಆದರೆ ತೀವ್ರವಾಗಿ ಕೆಟ್ಟ ಶ್ವಾಸಕೋಶದಲ್ಲಿ ಗಾಳಿಗೆ ತೆರೆದಿರುವ ಭಾಗ ಅಲ್ಪ. ದೊಡ್ಡ ಉಸಿರು ಅದನ್ನೇ ಅತಿಯಾಗಿ ಹಿಗ್ಗಿಸಿ ಗಾಯಗೊಳಿಸುತ್ತದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 861 ರೋಗಿಗಳಿದ್ದರು. ತೂಕದ ಪ್ರತಿ ಕಿಲೋಗ್ರಾಮಿಗೆ 12 ಮಿಲಿಲೀಟರ್ ನಿಗದಿಯಾದವರಲ್ಲಿ ಶೇಕಡ 39.8 ಮಂದಿಯೂ, 6 ಮಿಲಿಲೀಟರ್ ನಿಗದಿಯಾದವರಲ್ಲಿ ಶೇಕಡ 31 ಮಂದಿಯೂ ಮೃತರಾದರು. ಈ ತೂಕ ತಕ್ಕಡಿಯದಲ್ಲ. ಎತ್ತರ ಹಾಗೂ ಲಿಂಗಗಳಿಂದ ಗಣಿಸಿದುದು. ದೇಹ ಸ್ಥೂಲವಾದಮಾತ್ರಕ್ಕೆ ಶ್ವಾಸಕೋಶ ಬೆಳೆಯುವುದಿಲ್ಲವಷ್ಟೆ.

ಆದರೆ ಒಂದೇ ಎತ್ತರದವರಲ್ಲಿಯೂ ರೋಗದ ರೀತಿ ಒಂದೇ ಆಗಿರುವುದಿಲ್ಲ. ಕೆಲವರಲ್ಲಿ ಶ್ವಾಸಕೋಶದ ಒಂದು ಭಾಗ ಮಾತ್ರ ಕೆಟ್ಟಿದ್ದರೆ, ಕೆಲವರಲ್ಲಿ ಕೇಡು ಎಲ್ಲೆಡೆ ಹರಡಿರುತ್ತದೆ. ಈ ಭೇದವನ್ನು ಎಕ್ಸ್-ರೇ ಮೊದಲಾದ ಚಿತ್ರಗಳಿಂದ ಗುರುತಿಸಿ, ಅದಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸುವ ಪರೀಕ್ಷೆ ಫ್ರಾನ್ಸಿನಲ್ಲಿ ನಡೆದು 2019ರಲ್ಲಿ ಪ್ರಕಟವಾಯಿತು. ಒಟ್ಟಿನಲ್ಲಿ ಮರಣದ ಪ್ರಮಾಣ ಇಳಿಯಲಿಲ್ಲ. ಸುಮಾರು ಐವರಲ್ಲೊಬ್ಬರ ರೋಗರೀತಿಯನ್ನು ತಪ್ಪಾಗಿ ವಿಂಗಡಿಸಲಾಗಿತ್ತು. ಹೊಂದದ ಚಿಕಿತ್ಸೆ ದೊರೆತವರಲ್ಲಿ ಮರಣ ಹೆಚ್ಚಾಗಿತ್ತು.

1952ರ ರಕ್ತಪರೀಕ್ಷೆಯನ್ನೂ 2019ರ ಚಿತ್ರಗಳನ್ನೂ ಒಟ್ಟಿಗಿರಿಸಿ ನೋಡಿದಾಗ ನಮಗೆ ತೋರುವುದಿಷ್ಟು: ಎರಡು ಕಡೆಯೂ ಲಕ್ಷಣ ಕಣ್ಣೆದುರಿಗಿತ್ತು, ಎಡವಿದುದು ಅದರ ಅರ್ಥದಲ್ಲಿ. ಒಬ್ಬೊಬ್ಬರಿಗೂ ತಕ್ಕ ಉಸಿರೆಂಬುದು ಉತ್ತಮವಾದ ಆದರ್ಶವೇ ಸರಿ. ಆದರೆ ಆ ಒಬ್ಬರನ್ನು ಸರಿಯಾಗಿ ಅರಿಯದಿದ್ದಲ್ಲಿ, ಎಲ್ಲರಿಗೂ ಒಂದೇ ಎಂಬ ಸಾಧಾರಣ ನಿಯಮವೇ ಅದಕ್ಕಿಂತ ಕ್ಷೇಮಕರವಾದೀತು.