ಕಟ್ಟಿದ್ದು ಕಳಚದಂತೆ, ಬೇಕಾದಾಗ ಬಿಚ್ಚುವಂತೆ

ಧರ್ಮಪುರಿ ಜಿಲ್ಲೆಯ ಹೊಗೇನಕಲ್‌ನಲ್ಲಿ ಬಂಡೆಗಳ ಸಂದಿಯಿಂದ ನುಗ್ಗಿ ಬರುವ ಕಾವೇರಿ ಕೆಳಗೆ ಸೇಲಂ ಜಿಲ್ಲೆಯ ಮೆಟ್ಟೂರು ಜಲಾಶಯವನ್ನು ಸೇರುತ್ತದೆ. ಈ ಹಾದಿಯಲ್ಲಿ ಜನರನ್ನೂ ಬಲೆಯನ್ನೂ ಮೀನನ್ನೂ ಹೊತ್ತು ತಿರುಗುವುದು ಹರಿಗೋಲು. ತಮಿಳಿನವರಿಗೆ ಅದು ಪರಿಸಲ್. ಏಳೆಂಟು ಅಡಿ ಅಗಲದ ಈ ದುಂಡು ಬಿದಿರು ದೋಣಿಗೆ ಮೂತಿಯಿಲ್ಲ, ಚುಕ್ಕಾಣಿಯಿಲ್ಲ, ತಳದಲ್ಲಿ ನೀರನ್ನು ಹಿಡಿಯುವ ಏಣೂ ಇಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಇಂಥ ದೋಣಿಗಳನ್ನು ಕಂಡಿದ್ದ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನರನ್ನು ಹೊರಬಲ್ಲವು ಎಂದು ಬರೆದ ಅವನು, ಬೇರೆ ದೋಣಿಗಳಂತೆ ನೇರ ಹೋಗಲಾರದೆ ಇವು ಸದಾ ತಿರುಗುತ್ತಲೇ ಇರುತ್ತವೆ ಎಂಬುದನ್ನೂ ಗಮನಿಸಿದ. ತಳ ನುಣುಪಾಗಿದ್ದರೆ ದೋಣಿ ಯಾವ ದಿಕ್ಕಿಗೂ ಜಾರುತ್ತದೆ. ಅದನ್ನು ಒಂದು ದಿಕ್ಕಿಗೆ ಕಟ್ಟಿಹಾಕಲು ನೀರೊಳಗೆ ಒಂದು ಅಲಗು ಬೇಕು. ಇಪ್ಪತ್ತನೆಯ ಶತಮಾನದ ಜಲಕ್ರೀಡೆಗಳು ಆ ಅಲಗನ್ನು ಫಿನ್ ಎಂದು ಕರೆದು ಹಲಗೆಯಡಿ ಕೂರಿಸಿದವು. ಆಮೇಲೆ ಎದ್ದ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ: ಬೇಕೆಂದಾಗ ಬಿಚ್ಚಬಹುದಾದ ಫಿನ್ ಬೇಡವೆಂದಾಗ ಕಳಚದಂತೆ ನಿಲ್ಲುವುದು ಹೇಗೆ? ಸ್ಕ್ರೂವನ್ನು ಇನ್ನಷ್ಟು ಬಿಗಿಯಬೇಕು ಎಂಬುದು ಸಾಮಾನ್ಯ ಉತ್ತರ. ಆದರೆ ಹರಿಗೋಲಿನ ಕಟ್ಟಿನಿಂದ ವೇಕ್‌ಬೋರ್ಡಿನ ಸ್ಕ್ರೂವರೆಗಿನ ಬೆಳವಣಿಗೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಉತ್ತರ ಕಾಣುತ್ತದೆ. ನೀರಿನ ಮೇಲಿನ ಜೋಡಣೆ ಸೋಲುವುದು ಬಹುಮಟ್ಟಿಗೆ ಪಕ್ಕಕ್ಕೆ ಆಗುವ ಸಣ್ಣ ಅಲುಗಾಟದಿಂದ. ಭಾರವನ್ನು ಅಗಲಕ್ಕೆ ಹಂಚಿ ಆ ಅಲುಗಾಟವನ್ನು ಹುಟ್ಟುವಲ್ಲೇ ತಡೆದ ಜೋಡಣೆಗಳು ಬಾಳಿವೆ; ಬಿಗಿತವೊಂದನ್ನೇ ನೆಚ್ಚಿದವು ಕಳಚಿವೆ.

ಹರಿಗೋಲಿನಲ್ಲಿ ಈ ತಿಳಿವು ಕಣ್ಣಿಗೆ ಕಾಣುವಂತಿದೆ. ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಯಿಸಿ ತಳ ಹೆಣೆಯುತ್ತಾರೆ, ಅವುಗಳ ತುದಿಗಳನ್ನೇ ಮೇಲಕ್ಕೆ ಬಾಗಿಸಿ ಗೋಡೆ ಎಬ್ಬಿಸುತ್ತಾರೆ, ಅಂಚಿಗೆ ದಪ್ಪ ಹೆಣಿಗೆಯ ಬಳೆ ಕೊಟ್ಟು ಮುಗಿಸುತ್ತಾರೆ. ಎಲ್ಲಿಯೂ ಮೊಳೆಯ ಮಾತಿಲ್ಲ. ಹಿಂದೆ ಹೊರಮೈಗೆ ತೊಗಲು ಹೊದಿಸಿ ಅಂಚಿಗೆ ಬಿಗಿಯುತ್ತಿದ್ದರು; ಆಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ತೊಗಲಿನ ಹೊದಿಕೆ ಬಿಚ್ಚಬಹುದಾದದ್ದು, ಬಿಚ್ಚಲೇಬೇಕಾದದ್ದು ಕೂಡ, ಏಕೆಂದರೆ ನೆನೆದ ತೊಗಲನ್ನು ಒಣಗಿಸದಿದ್ದರೆ ಕೊಳೆಯುತ್ತದೆ, ಬಂಡೆಗೆ ತಾಗಿ ಹರಿದರೆ ಬದಲಿಸಬೇಕು. ಆದರೂ ಓಡಾಟದ ನಡುವೆ ಅದು ಕಳಚಿಬರುವುದಿಲ್ಲ. ನೀರಿನ ಒತ್ತಡ ಹೊದಿಕೆಯನ್ನು ಇಡೀ ಬಿದಿರುಜಾಲದ ಮೇಲೆ ಅದುಮಿ ಕೂರಿಸುತ್ತದೆ, ಅಂಚಿನ ಹೊಲಿಗೆಗೆ ಉಳಿಯುವುದು ಜಾರದಂತೆ ಹಿಡಿದುಕೊಳ್ಳುವ ಅಲ್ಪ ಕೆಲಸ. ತಳ ಕಲ್ಲಿಗೆ ಬಡಿದಾಗ ದಬ್ಬೆಗಳು ಒಂದರ ಮೇಲೊಂದು ಕೂದಲೆಳೆಯಷ್ಟು ಸರಿದು ಏಟನ್ನು ಸುತ್ತಲೂ ಹಂಚುತ್ತವೆ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ 1933ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆದರು. ದೋಣಿಗಳ ಚರಿತ್ರೆಯನ್ನು ಅಷ್ಟು ಆಳವಾಗಿ ಬಲ್ಲವರು ಒಂದು ಬುಟ್ಟಿದೋಣಿಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅದರ ಹೆಣಿಗೆಗೆ ಸಲ್ಲಬೇಕಾದ ಗೌರವವೇ ಸರಿ.

ಕರಾವಳಿಯಲ್ಲೂ ಇದೇ ಬಗೆಯ ತರ್ಕ ನಡೆಯಿತು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಮಂಗಳೂರುಗಳನ್ನು ಹಾದುಹೋದ ಇಬ್ನ್ ಬತೂತ, ಈ ಕಡಲಿನ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುವುದಕ್ಕೆ ಕಾರಣ ಕೊಟ್ಟಿದ್ದಾನೆ: ಬಂಡೆಗೆ ಬಡಿದರೆ ಕಬ್ಬಿಣದ ಮೊಳೆಯ ಹಡಗು ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಳುಕಿ ಉಳಿಯುತ್ತದೆ. ಮದ್ರಾಸಿನ ಅಲೆಗಳನ್ನು ಹಾಯುತ್ತಿದ್ದ ಮಸೂಲಾ ದೋಣಿಗಳದ್ದೂ ಹೊಲಿದ ಮೈ. ಇದಕ್ಕೊಂದು ಆಕ್ಷೇಪ ಬರುವುದು ಸಹಜ. ಕಟ್ಟಿದ ದೋಣಿ ಬಳುಕಬೇಕು, ಫಿನ್ ಅಲುಗಲೇಬಾರದು. ಒಂದರ ಗುಣ ಇನ್ನೊಂದರ ದೋಷವಲ್ಲವೇ? ಈ ವ್ಯತ್ಯಾಸವನ್ನು ತಳ್ಳಿಹಾಕುವಂತಿಲ್ಲ. ಹುರಿಯ ಕಟ್ಟನ್ನು ಫಿನ್ನಿಗೆ ಹಾಕಿ ಎಂದು ಯಾರೂ ಹೇಳಲಾರರು. ಹೋಲಿಕೆ ಇರುವುದು ಭಾರ ಹಂಚಿಕೆಯಲ್ಲಿ. ಸಾವಿರ ಗೇಣಿಗೆ ಹರಡಿದ ಹೊಲಿಗೆಯಲ್ಲಿ ಯಾವ ಒಂದು ತೂತೂ ಪೂರ್ತಿ ಏಟನ್ನು ತಿನ್ನುವುದಿಲ್ಲ. ಫಿನ್ನಿನಲ್ಲಿ ಎಲ್ಲ ಏಟೂ ಒಂದೆರಡು ತೂತಿಗೆ ಬಂದು ಬೀಳುತ್ತದೆ. ಹೊಗೇನಕಲ್‌ನ ಹರಿಗೋಲಿಗೆ ತಳದಲ್ಲಿ ಅಲಗು ಇಲ್ಲದಿರುವುದಕ್ಕೂ ಇಲ್ಲೇ ಕಾರಣ ಸಿಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ಬಂಡೆಗಳ ಮೇಲೆ ಜಾರಿಹೋಗಬೇಕಾದ ದೋಣಿಗೆ ಕೆಳಗೊಂದು ಏಣು ಚಾಚಿಕೊಂಡಿದ್ದರೆ, ಅದು ಕಲ್ಲಿಗೆ ಸಿಕ್ಕಿದ ಕ್ಷಣ ಬಿದಿರನ್ನೇ ಕಿತ್ತುಕೊಂಡು ಹೋಗುತ್ತಿತ್ತು. ಅಂಬಿಗ ಆ ಅಲಗನ್ನು ತನ್ನ ಕೈಯಲ್ಲೇ ಇಟ್ಟುಕೊಂಡ. ಅವನ ಹುಟ್ಟೇ ಫಿನ್. ಬೇಕಾದ ಬದಿಗೆ ಇಳಿಸುತ್ತಾನೆ, ಕಲ್ಲು ಕಂಡರೆ ಎತ್ತುತ್ತಾನೆ.

ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿಯಿತು, ಅದರ ಹಿಂದೆ 120 ಅಡಿ ನೀರು ನಿಲ್ಲುವ ಸ್ಟ್ಯಾನ್ಲಿ ಜಲಾಶಯ ತುಂಬಿತು. ಹರಿಯುವ ನೀರಿಗೆಂದು ಹುಟ್ಟಿದ ಹರಿಗೋಲು ಅಲ್ಲಿ ಮೀನುಗಾರರ ಕೈಯಲ್ಲಿ ನಿಂತ ನೀರಿಗೂ ಒಗ್ಗಿಕೊಂಡಿತು. ಮರುವರ್ಷ, 1935ರಲ್ಲಿ, ಹವಾಯಿಯ ವೈಕಿಕಿಯಲ್ಲಿ ಟಾಮ್ ಬ್ಲೇಕ್ ಹಳೆಯ ಸ್ಪೀಡ್‌ಬೋಟಿನಿಂದ ತೆಗೆದ ಲೋಹದ ಏಣನ್ನು ತನ್ನ ಸರ್ಫ್ ಹಲಗೆಯ ಬಾಲಕ್ಕೆ ಜೋಡಿಸಿದ. ಹಿಂಭಾಗ ಜಾರುವುದು ನಿಂತಿತು, ಹಲಗೆ ಹೇಳಿದ ದಿಕ್ಕಿಗೆ ಹೋಯಿತು. ಆದರೆ ಹಲಗೆಗೆ ಕಾಯಂ ಅಂಟಿದ ಫಿನ್ ಸಾಗಣೆಯಲ್ಲಿ ಮುರಿಯುತ್ತದೆ, ಬೇರೆ ಅಲೆಗೆ ಬೇರೆ ಅಳತೆಯದು ಬೇಕಾದರೆ ಬದಲಿಸಲಾಗದು. 1950ರ ದಶಕದ ಆರಂಭದಲ್ಲಿ ಅದೇ ಹವಾಯಿಯ ಜಾರ್ಜ್ ಡೌನಿಂಗ್ ಹಲಗೆಯೊಳಗೆ ಒಂದು ಗೂಡು ಮಾಡಿ ಫಿನ್ನನ್ನು ಅದರಲ್ಲಿ ಕೂರಿಸಿದ. ನನ್ನ ಎಣಿಕೆಯಲ್ಲಿ ಈ ಇಡೀ ಚರಿತ್ರೆಯ ತಿರುವು ಇದೇ. ಗೂಡಿನ ಗೋಡೆಗಳು ಪಕ್ಕದ ಒತ್ತಡವನ್ನು ತಾವೇ ಹೊರುತ್ತವೆ, ಸ್ಕ್ರೂ ಅಥವಾ ಬೆಣೆಗೆ ಉಳಿಯುವುದು ಫಿನ್ ಮೇಲಕ್ಕೆದ್ದು ಬರದಂತೆ ತಡೆಯುವ ಕೆಲಸ ಮಾತ್ರ. ಹರಿಗೋಲಿನ ಅಂಚಿನ ಹೊಲಿಗೆ ಮಾಡುತ್ತಿದ್ದದ್ದೂ ಇಷ್ಟೇ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಎಫ್‌ಸಿಎಸ್ ಪದ್ಧತಿ ಎರಡು ಗಿಡ್ಡ ಗೂಟಗಳನ್ನು ಎರಡು ಗೂಡುಗಳಿಗೆ ಇಳಿಸಿ ಅಡ್ಡ ಸ್ಕ್ರೂ ಬಿಗಿಯುವ ಕ್ರಮ ತಂದಿತು. ಫ್ಯೂಚರ್ಸ್ ಎಂಬ ಇನ್ನೊಂದು ಪದ್ಧತಿ ಫಿನ್ನಿನ ಬುಡದ ಉದ್ದಕ್ಕೂ ಒಂದೇ ಗೂಡು ಕೊಟ್ಟಿತು. 2013ರ ಹೊತ್ತಿಗೆ ಎಫ್‌ಸಿಎಸ್ ಸ್ಕ್ರೂವಿನ ಹಂಗನ್ನೂ ಬಿಟ್ಟು, ಒತ್ತಿದರೆ ಕೂರುವ ಫಿನ್ ಮಾಡಿತು.

ವೇಕ್‌ಬೋರ್ಡ್ ಈ ಮನೆತನದ ಕಿರಿಯ ಕುಡಿ. ಮೋಟಾರು ದೋಣಿಯೋ ಮೇಲೆ ಓಡುವ ಕೇಬಲ್ಲೋ ಎಳೆಯುತ್ತಿರುವಾಗ ಎರಡೂ ಕಾಲನ್ನು ಬೂಟಿನಲ್ಲಿ ಬಿಗಿದುಕೊಂಡು, ಹಲಗೆಯ ಮೇಲೆ ಅಡ್ಡ ನಿಂತು ನೀರಿನ ಮೇಲೆ ಜಾರುವ ಆಟ ಇದು. 1985ರಲ್ಲಿ ಕ್ಯಾಲಿಫೋರ್ನಿಯಾದ ಟೋನಿ ಫಿನ್ ಸ್ಕರ್ಫರ್ ಎಂಬ ಹಲಗೆಯನ್ನು ತಂದ. 1990ರ ಸುಮಾರಿಗೆ ಹರ್ಬ್ ಒ’ಬ್ರಿಯನ್ ಅಚ್ಚೊತ್ತಿದ ತೆಳು ಹಲಗೆ ಮಾಡಿದ. 1993ರಲ್ಲಿ ಜಿಮ್ಮಿ ರೆಡ್ಮನ್ ಎರಡು ತುದಿಯೂ ಒಂದೇ ತರಹ ಇರುವ ಹಲಗೆ ಕೊಟ್ಟ. ಹಿಂದುಮುಂದು ಅಳಿದಮೇಲೆ ಫಿನ್ ಎರಡು ತುದಿಗೂ ಬೇಕಾಯಿತು. ಕೇಬಲ್ ಪಾರ್ಕುಗಳಲ್ಲಿ ಕಂಬಿ, ಇಳಿಜಾರುಗಳ ಮೇಲೆ ಜಾರುವವರಿಗೆ ಫಿನ್ ಬೇಡವೇ ಬೇಡ, ತೆರೆದ ನೀರಿನಲ್ಲಿ ದೋಣಿಯ ಹಿಂದೆ ಹೋಗುವವರಿಗೆ ಬೇಕು. ಹಾಗಾಗಿ ಒಂದೇ ಹಲಗೆಗೆ ಬಿಚ್ಚುವ ಫಿನ್ ಅನಿವಾರ್ಯವಾಯಿತು.  ಸರ್ಫ್ ಹಲಗೆಗೆ ಆಳದ ಗೂಡು ಕೊಡಬಹುದು, ವೇಕ್‌ಬೋರ್ಡಿಗೆ ಆಗದು. ಅದು ತೆಳು, ಫಿನ್ ನೆಡುವ ತುದಿಯಲ್ಲಂತೂ ಇನ್ನೂ ತೆಳು. ಒಳಗೆ ಥ್ರೆಡ್ ಇರುವ ಲೋಹದ ಗುಂಡಿಯೊಂದನ್ನು ಹಲಗೆಯಲ್ಲಿ ಹೂತು, ಫಿನ್ನಿನ ಬುಡದ ಚಪ್ಪಟೆ ಪಟ್ಟಿಯನ್ನು ಸ್ಕ್ರೂ ಹಾಕಿ ಅದಕ್ಕೆ ಬಿಗಿಯುವುದೇ ಇಲ್ಲಿನ ಪದ್ಧತಿಯಾಯಿತು. ಡೌನಿಂಗ್ ಗೂಡಿಗೆ ಕೊಟ್ಟಿದ್ದ ಭಾರ ಮತ್ತೆ ಸ್ಕ್ರೂವಿನ ಹೆಗಲೇರಿತು.

ಆ ಭಾರ ಎಷ್ಟೆಂದು ಒಂದು ಸರಳ ಲೆಕ್ಕ ತೋರಿಸುತ್ತದೆ. ಫಿನ್ ನೀರೊಳಗೆ 5 ಸೆಂ.ಮೀ. ಇಳಿದಿದೆ, ಪಕ್ಕದಿಂದ ಬರುವ ಒತ್ತಡ ಅದರ ನಡುಮಟ್ಟಕ್ಕೆ, ಅಂದರೆ ಹಲಗೆಯಿಂದ 2.5 ಸೆಂ.ಮೀ. ದೂರದಲ್ಲಿ ಬೀಳುತ್ತದೆ ಎನ್ನೋಣ. ಬುಡದ ಪಟ್ಟಿ 2 ಸೆಂ.ಮೀ. ಅಗಲವಿದ್ದು ಸ್ಕ್ರೂ ನಡುವೆ ಇದ್ದರೆ, ಪಟ್ಟಿಯ ಅಂಚಿನಿಂದ ಸ್ಕ್ರೂವಿಗೆ ಇರುವ ದೂರ 1 ಸೆಂ.ಮೀ. ಮಾತ್ರ. 20 ಕಿಲೋ ತೂಕದಷ್ಟು ಪಕ್ಕದ ತಳ್ಳುವಿಕೆ ಸ್ಕ್ರೂವನ್ನು 50 ಕಿಲೋ ತೂಕದಷ್ಟು ಎಳೆಯುತ್ತದೆ. ಪಟ್ಟಿಯನ್ನು 4 ಸೆಂ.ಮೀ. ಅಗಲ ಮಾಡಿದರೆ ಅದೇ ಎಳೆತ 25 ಕಿಲೋಗೆ ಇಳಿಯುತ್ತದೆ. ಸ್ಕ್ರೂವನ್ನು ದಪ್ಪಮಾಡಿ ಈ ಲಾಭ ಪಡೆಯಲಾಗದು. ಬುಡವನ್ನು ಅಗಲಿಸಿಯೇ ಪಡೆಯಬೇಕು. ಒಂದೇ ಸ್ಕ್ರೂ ಇರುವ ಫಿನ್ನಿಗೆ ಇನ್ನೊಂದು ಕಷ್ಟವಿದೆ: ಪ್ರತಿ ತಿರುವಿನಲ್ಲೂ ಅದು ಆ ಸ್ಕ್ರೂವಿನ ಸುತ್ತ ತಿರುಗಲು ನೋಡುತ್ತದೆ, ತಡೆಯಲು ಇರುವುದು ಪಟ್ಟಿಗೂ ಹಲಗೆಗೂ ನಡುವಿನ ಘರ್ಷಣೆ ಮಾತ್ರ. 1969ರಲ್ಲಿ ಗೆರ್ಹಾರ್ಡ್ ಜುಂಕರ್ ಎಂಬ ಎಂಜಿನಿಯರ್ ಪ್ರಯೋಗದಿಂದ ತೋರಿಸಿದ್ದು ಇಂಥ ಅಲುಗಾಟದ ಅಪಾಯವನ್ನೇ. ಬೋಲ್ಟು ತಾನಾಗಿ ಸಡಿಲವಾಗುವುದಕ್ಕೆ ಉದ್ದಕ್ಕೆ ಎಳೆಯುವ ಬಲಕ್ಕಿಂತ ಅಡ್ಡಕ್ಕೆ ಜಾರುವ ಅಲುಗಾಟವೇ ಮುಖ್ಯ ಕಾರಣ. ಜೋಡಿಸಿದ ಮೈಗಳು ಒಂದರ ಮೇಲೊಂದು ಜಾರತೊಡಗಿದರೆ ಥ್ರೆಡ್ಡಿನ ಘರ್ಷಣೆ ಸತ್ತು ಬೋಲ್ಟು ಹಿಂದಕ್ಕೆ ತಿರುಗುತ್ತದೆ.

ಬಿಗಿತವೇ ಉತ್ತರ ಎನ್ನುವವರ ವಾದದಲ್ಲಿ ಸತ್ಯವಿದೆ. ಜುಂಕರ್ ಪ್ರಯೋಗವೇ ಹೇಳುವಂತೆ ಸಾಕಷ್ಟು ಬಿಗಿದ ಜೋಡಣೆ ಜಾರುವುದಿಲ್ಲ, ಜಾರದಿದ್ದರೆ ಸಡಿಲವಾಗುವುದಿಲ್ಲ. ತೊಡಕಿರುವುದು ಆ ಬಿಗಿತ ಉಳಿಯುವುದರಲ್ಲಿ. ಫಿನ್ನಿನ ಬುಡ ನೈಲಾನ್‌ನಂಥ ಪ್ಲಾಸ್ಟಿಕ್ಕಿನದಾಗಿದ್ದರೆ ಅದು ಸ್ಕ್ರೂವಿನ ತಲೆಯ ಕೆಳಗೆ ಮೆಲ್ಲನೆ ಹಿಂಡಿಕೊಂಡು ಹರಿಯುತ್ತದೆ. ಸಂಜೆ ಬಿಗಿದದ್ದು ಬೆಳಿಗ್ಗೆಗೆ ಅಷ್ಟೇ ಬಿಗಿ ಇರುವುದಿಲ್ಲ. ಅಗಲ ವಾಷರ್ ಹಾಕುವುದು, ಮೊದಲ ಓಟದ ನಂತರ ಇನ್ನೊಮ್ಮೆ ತಿರುಗಿಸಿ ನೋಡುವುದು ಇದಕ್ಕೇ ಬೇಕಾದದ್ದು. ಸ್ಕ್ರೂ ಒಂದೆಳೆ ಉದ್ದವಿದ್ದರೂ ಅದರ ತುದಿ ಗುಂಡಿಯ ತಳಕ್ಕೆ ತಾಗಿ ಕೈಗೆ ಬಿಗಿಯಾಯಿತೆಂದು ಅನ್ನಿಸುತ್ತದೆ, ಫಿನ್ ಮಾತ್ರ ಕೆಳಗೆ ಅಲ್ಲಾಡುತ್ತಲೇ ಇರುತ್ತದೆ. ಮೋಸಹೋಗುವ ಜಾಗ ಇದು. ಸ್ಕ್ರೂ ಬಿಗಿದ ಮೇಲೆ ಫಿನ್ನನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡದೆ ಗೊತ್ತಾಗುವುದಿಲ್ಲ. ಪವರ್ ಡ್ರಿಲ್ ಹಿಡಿದು ಬಿಗಿದರೆ ಫಿನ್ನಿನ ಬದಲು ಗುಂಡಿಯೇ ಹಲಗೆಯ ಫೋಮಿನಿಂದ ಕಿತ್ತು ಗಿರಗಿರ ತಿರುಗುತ್ತದೆ. ಆಮೇಲೆ ಎಪಾಕ್ಸಿ ತುಂಬಿ ಮತ್ತೆ ಕೂರಿಸುವವರೆಗೆ ಆ ತುದಿ ಕೆಲಸಕ್ಕೆ ಬಾರದು.

ಅಂಟು ಹಾಕಿಬಿಟ್ಟರೆ ಇಷ್ಟೆಲ್ಲ ಯಾಕೆ ಎಂಬುದು ಹೆಚ್ಚು ಗಟ್ಟಿಯಾದ ಆಕ್ಷೇಪ. 1953ರಲ್ಲಿ ಅಮೆರಿಕದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ಕಂಡುಹಿಡಿದ ಲಾಕ್‌ಟೈಟ್, ಗಾಳಿಯಿಲ್ಲದ ಕಡೆ ಲೋಹ ತಾಗಿದಾಗ ಗಟ್ಟಿಯಾಗುವ ದ್ರವ. ಬೈಕ್ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿರುವ ಸರಕು. ನೀಲಿ ಬಣ್ಣದ್ದು ಕೈ ಉಪಕರಣದಿಂದ ಬಿಚ್ಚುವಷ್ಟು ಹಿಡಿಯುತ್ತದೆ, ಕೆಂಪು ಬಣ್ಣದ್ದನ್ನು ಬಿಚ್ಚಲು ಬಿಸಿ ಕೊಡಬೇಕು. ವೇಕ್‌ಬೋರ್ಡಿಗೆ ನೀಲಿ ಸಾಕು, ಕೆಂಪು ಬೇಡ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ಹಿತ್ತಾಳೆಯ ಗುಂಡಿಯಲ್ಲಿ ಬೇಗ ಹಿಡಿದರೆ ಸ್ಟೇನ್‌ಲೆಸ್ ಉಕ್ಕಿನ ಮೇಲೆ ನಿಧಾನ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು. ದಡದಲ್ಲಿ ಹಚ್ಚಿ ಕೂಡಲೇ ನೀರಿಗಿಳಿದರೆ ಪ್ರಯೋಜನವಿಲ್ಲ. ಕೆಲವು ಪ್ಲಾಸ್ಟಿಕ್ಕುಗಳ ಮೇಲೆ ತುಳುಕಿದರೆ ಬಿರುಕೂ ಬಿಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅಂಟು ಸ್ಕ್ರೂ ಹಿಂದಕ್ಕೆ ತಿರುಗುವುದನ್ನು ತಡೆಯುತ್ತದೆಯೇ ಹೊರತು ಬುಡ ಅಲುಗುವುದನ್ನು ತಡೆಯಲಾರದು. ಬುಡ ಅಲುಗುತ್ತಲೇ ಇದ್ದರೆ ಸ್ಕ್ರೂ ನಿಂತಲ್ಲೇ ದಣಿದು ಮುರಿಯುತ್ತದೆ, ಇಲ್ಲವೇ ಗುಂಡಿ ಸಡಿಲಾಗುತ್ತದೆ. ಸ್ಕ್ರೂವಿನ ಲೋಹ ಬದಲಿಸುವುದಕ್ಕೂ ಇದೇ ಮಿತಿ. ಸೇಲಂ ಉಕ್ಕಿನ ಸ್ಥಾವರ 1980ರ ದಶಕದ ಆರಂಭದಿಂದ ಹೆಸರು ಮಾಡಿದ್ದು ಸ್ಟೇನ್‌ಲೆಸ್ ಹಾಳೆಗಳಿಗೆ. ಆ ಜಾತಿಯ ಉಕ್ಕು ಕಾವೇರಿಯ ಸಿಹಿನೀರಲ್ಲಿರಲಿ, ಕರಾವಳಿಯ ಅಳಿವೆಗಳ ಉಪ್ಪುನೀರಿನಲ್ಲೂ ತುಕ್ಕನ್ನು ಬಹುಮಟ್ಟಿಗೆ ತಡೆಯುತ್ತದೆ. ಅಲುಗಾಟವನ್ನು ತಡೆಯುವ ಗುಣ ಅದಕ್ಕಿಲ್ಲ.

ಇನ್ನು ಕೆಲವರು ಫಿನ್ ಬಿಚ್ಚುವ ಗೋಜೇ ಬೇಡ, ಹಲಗೆಯೊಂದಿಗೇ ಅಚ್ಚೊತ್ತಿ ಬರಲಿ ಎನ್ನುತ್ತಾರೆ. ಈಗ ಬಹಳಷ್ಟು ಹಲಗೆಗಳ ಅಂಚಿನಲ್ಲಿ ಅಂಥ ಉದ್ದುದ್ದ, ಗಿಡ್ಡ ಏಣುಗಳಿವೆ, ಕಲಿಯುವವರಿಗೆ ಅವು ಸಾಕಾಗಲೂಬಹುದು. ಅವು ಗಟ್ಟಿಯಾಗಿ ನಿಲ್ಲುವುದೂ ಬುಡ ಉದ್ದಕ್ಕೂ ಹರಡಿರುವುದರಿಂದಲೇ. ಆದರೆ ಕಲ್ಲಿಗೋ ಕಾಂಕ್ರೀಟಿಗೋ ಬಡಿದು ಒಮ್ಮೆ ಸವೆದರೆ ಹಲಗೆಯನ್ನೇ ಬದಲಿಸಬೇಕು. ಹರಿದ ತೊಗಲಿಗಾಗಿ ಇಡೀ ಹರಿಗೋಲನ್ನು ಎಸೆಯಲು ಹೊಗೇನಕಲ್‌ನ ಯಾವ ಅಂಬಿಗನೂ ಒಪ್ಪುತ್ತಿರಲಿಲ್ಲ. ಹಾಗಾಗಿ ಬಿಚ್ಚುವ ಫಿನ್ ಉಳಿಯುತ್ತದೆ, ಅದು ಕಳಚಿದಾಗ ದೋಷ ಹುಡುಕುವ ಕ್ರಮವೂ ಬದಲಾಗಬೇಕು. ಮೊದಲು ಬುಡದ ಪಟ್ಟಿ ಹಲಗೆಯ ಮೇಲೆ ಎಲ್ಲ ಕಡೆ ಕೂರುತ್ತಿದೆಯೇ, ನಡುವೆ ಮರಳು ಸೇರಿದೆಯೇ ಎಂದು ನೋಡಬೇಕು. ಆಮೇಲೆ ಒಳಗಿನ ಗುಂಡಿ ಅಲುಗುತ್ತಿದೆಯೇ, ಸ್ಕ್ರೂವಿನ ಉದ್ದ ಸರಿಯಿದೆಯೇ, ವಾಷರ್ ಸಾಕಷ್ಟು ಅಗಲವಿದೆಯೇ ಎಂಬುದು. ಒಂದು ಸ್ಕ್ರೂವಿನ ಫಿನ್ ಮತ್ತೆಮತ್ತೆ ಸಡಿಲಾದರೆ, ಹಲಗೆಯಲ್ಲಿ ಎರಡು ಗುಂಡಿಗಳಿದ್ದಲ್ಲಿ ಎರಡು ಸ್ಕ್ರೂವಿನ, ಅಗಲ ಬುಡದ ಫಿನ್ನಿಗೆ ಬದಲಾಯಿಸುವುದು ಒಳ್ಳೆಯದು. ನೀಲಿ ಅಂಟಿನ ಬಾಟಲಿಗೆ ಕೈಹಾಕುವುದು ಇಷ್ಟೆಲ್ಲ ಆದಮೇಲೆ, ಹಿಂದಿನ ದಿನವೇ, ಒಣ ಥ್ರೆಡ್ಡಿನ ಮೇಲೆ ಒಂದೇ ಹನಿ.